ಬೆಳಗಿನ ಜಾವದ ಆ ಒಂದು ಲೀಟರ್

ಕೊಲೊನೋಸ್ಕೋಪಿಗೆ, ಅಂದರೆ ಗುದದ ಮೂಲಕ ಕ್ಯಾಮೆರಾ ಇರುವ ನಳಿಕೆ ಹಾಯಿಸಿ ದೊಡ್ಡಕರುಳನ್ನು ನೋಡುವ ಪರೀಕ್ಷೆಗೆ, ಬಂದವರನ್ನು ಒಳಗೆ ಕರೆದೊಯ್ಯುವ ಮೊದಲು ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಬೆಳಗಿನ ಜಾವದ ಔಷಧಿಯನ್ನು ಪೂರ್ತಿ ಕುಡಿದಿರಾ?" ಉತ್ತರಿಸುವ ಮೊದಲು ರೋಗಿ ಜೊತೆಗೆ ಬಂದವರ ಮುಖ ನೋಡಿದರೆ ವಿಷಯ ತಿಳಿದಂತೆಯೇ. "ರಾತ್ರಿಯೇ ಏಳೆಂಟು ಸಲ ಹೋಗಿದ್ದಾರೆ ಡಾಕ್ಟರೇ, ಬರೀ ನೀರು. ಇನ್ನೇನು ಉಳಿದಿರುತ್ತದೆ ಹೊಟ್ಟೆಯಲ್ಲಿ? ನಿತ್ರಾಣವಾಗುತ್ತದೆ ಎಂದು ನಾನೇ ಬೇಡ ಎಂದೆ" ಎಂದು ಹೆಂಡತಿ ಹೇಳುತ್ತಾರೆ. ಕೆಲವೊಮ್ಮೆ ಮಗ, ಕೆಲವೊಮ್ಮೆ ಸೊಸೆ. ಎಲ್ಲರೂ ಕಾಳಜಿಯಿಂದಲೇ ಹೇಳುವ ಮಾತು. ಆ ಕಾಳಜಿಯಿಂದಲೇ ಪರೀಕ್ಷೆ ಅರ್ಧ ಕೆಟ್ಟಿರುತ್ತದೆ.

ಹುಬ್ಬಳ್ಳಿಯಲ್ಲಿ ಕುಳಿತು ಈ ಕೆಲಸ ಮಾಡುವ ನನ್ನ ಬಳಿಗೆ ಗದಗ, ಹಾವೇರಿ, ಶಿರಸಿ ಕಡೆಯಿಂದಲೂ ಜನ ಬರುತ್ತಾರೆ. ನಳಿಕೆ ಒಳಗೆ ಹೋಗುವಾಗ ನೋವಾಗುತ್ತದೆಯೇ ಎಂಬುದೇ ಎಲ್ಲರ ಚಿಂತೆ. ಮಂಪರಿನ ಚುಚ್ಚುಮದ್ದು ಕೊಡುವುದರಿಂದ ಹೆಚ್ಚಿನವರಿಗೆ ಆ ಭಾಗ ನೆನಪೇ ಉಳಿಯುವುದಿಲ್ಲ. ಚಿಂತಿಸಬೇಕಾದದ್ದು ಹಿಂದಿನ ರಾತ್ರಿ ಮತ್ತು ಅಂದಿನ ಮುಂಜಾನೆಯ ಬಗ್ಗೆ. ಕರುಳು ತೊಳೆಯುವ ಭೇದಿ ಔಷಧಿಯನ್ನು ಎರಡು ಪಾಲು ಮಾಡಿ, ಒಂದು ಲೀಟರ್ ಹಿಂದಿನ ಸಂಜೆ, ಇನ್ನೊಂದು ಲೀಟರ್ ಅಂದಿನ ಬೆಳಗಿನ ಜಾವ ಕುಡಿಯಬೇಕು. ಅದಕ್ಕೇ ಈ ಒಂದು ಸಂಗತಿಯನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿರುತ್ತದೆ. ಹೊಟ್ಟೆಯ ಬಲಭಾಗದ ಕೆಳಗೆ ಸೀಕಮ್ ಎಂಬ ಚೀಲದಂಥ ಭಾಗದಲ್ಲಿ ಶುರುವಾಗಿ ಮೇಲೇರಿ, ಅಡ್ಡ ಹಾಯ್ದು, ಎಡಕ್ಕೆ ಇಳಿದು ಗುದದಲ್ಲಿ ಮುಗಿಯುತ್ತದೆ. ಸಣ್ಣಕರುಳು ಬಂದು ಕೂಡುವುದು ಆ ಸೀಕಮ್‌ಗೆ. ನೀವು ಏನೂ ತಿನ್ನದಿದ್ದರೂ ಪಿತ್ತ, ಜೀರ್ಣರಸ, ಕರುಳಿನ ಲೋಳೆ ಇವೆಲ್ಲ ಹಗಲು ರಾತ್ರಿ ಇಳಿದು ಬರುತ್ತಲೇ ಇರುತ್ತವೆ. ಸಂಜೆ ಕುಡಿದ ಮೊದಲ ಲೀಟರ್ ಮಲವನ್ನು ಹೊರಗೆ ತಳ್ಳುತ್ತದೆ, ನಿಜ. ಆದರೆ ನೀವು ಮಲಗಿರುವ ಅಷ್ಟೂ ಹೊತ್ತು ಸಣ್ಣಕರುಳಿನಿಂದ ಇಳಿದ ಹಳದಿ ಹಸಿರು ದ್ರವ ಬಲಭಾಗದ ಗೋಡೆಗೆ ಅಂಟಿ ದಪ್ಪಗಾಗುತ್ತದೆ. ರಾತ್ರಿ ತೊಳೆದ ಅಂಗಳಕ್ಕೆ ಬೆಳಗಾಗುವಷ್ಟರಲ್ಲಿ ಮಾಡಿನ ನೀರು ಸೋರಿ ಮತ್ತೆ ಕೆಸರಾದಂತೆ. ಎಡಭಾಗ ಮಾತ್ರ ಸ್ವಚ್ಛವಾಗಿಯೇ ಇರುತ್ತದೆ. ಶೌಚಾಲಯದಲ್ಲಿ ನಿಮಗೆ ಕಾಣುವುದು ಕರುಳಿನ ಕೊನೆಯಿಂದ ಹೊರಬಂದ ನೀರು. ನಾನು ನೋಡಬೇಕಾದದ್ದು ಅದರ ಇನ್ನೊಂದು ತುದಿ.

ಎರಡನೆಯ ಲೀಟರ್ ಇರುವುದು ಆ ತುದಿಗಾಗಿ. ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಅದನ್ನು ಶುರು ಮಾಡಿ, ಕನಿಷ್ಠ ಎರಡು ಗಂಟೆ ಮೊದಲು ಮುಗಿಸಬೇಕು. ಒಂಬತ್ತು ಗಂಟೆಗೆ ಪರೀಕ್ಷೆ ಇದ್ದರೆ ನಾಲ್ಕು ಗಂಟೆಗೆ ಎದ್ದು ಕುಡಿಯಬೇಕಾಗುತ್ತದೆ. ನಿದ್ದೆ ಕೆಡುತ್ತದೆ, ಗೊತ್ತಿದೆ. ಎರಡೂ ಲೀಟರ್‌ಗಳನ್ನು ಹಿಂದಿನ ಸಂಜೆಯೇ ಮುಗಿಸಿ ನೆಮ್ಮದಿಯಾಗಿ ಮಲಗುತ್ತೇನೆ ಎಂದು ಕೆಲವರು ಜಾಣತನ ತೋರುತ್ತಾರೆ. ಆಗಲೂ ಬಲಭಾಗದ ಕಥೆ ಅದೇ.

ಇನ್ನು ಕೆಲವರದ್ದು ಬೇರೆಯೇ ತೊಡಕು. ರಕ್ತಪರೀಕ್ಷೆಗೆ, ಶಸ್ತ್ರಚಿಕಿತ್ಸೆಗೆ ರಾತ್ರಿಯಿಂದ ಏನೂ ಬಾಯಿಗೆ ಹಾಕದೆ ಬಂದು ರೂಢಿಯಾಗಿರುತ್ತದೆ. "ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದಿರಲ್ಲ, ಅದಕ್ಕೇ ಕುಡಿಯಲಿಲ್ಲ" ಎನ್ನುತ್ತಾರೆ. ಈ ಔಷಧಿ ಕುಡಿದರೆ ಉಪವಾಸ ಮುರಿದಂತಲ್ಲ. ಕೊನೆಯ ಎರಡು ಗಂಟೆ ಮಾತ್ರ ನೀರೂ ಬೇಡ, ಏಕೆಂದರೆ ಮಂಪರಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗಬಾರದು. ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ನಿಲ್ಲಿಸಲು ಅರಿವಳಿಕೆ ವೈದ್ಯರು ಹೇಳಬಹುದು. ಹಾಗೆ ಹೇಳಿದ್ದರೆ ಅವರ ಮಾತೇ ಕೊನೆ.

ನಿತ್ರಾಣದ ಭಯಕ್ಕೂ ಉತ್ತರವಿದೆ. ಸಾಮಾನ್ಯವಾಗಿ ಕೊಡುವ ಪುಡಿ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳ ಮಿಶ್ರಣ. ಅದು ಬಹುಮಟ್ಟಿಗೆ ರಕ್ತಕ್ಕೆ ಸೇರುವುದಿಲ್ಲ. ತನ್ನೊಂದಿಗೆ ಕುಡಿದ ನೀರನ್ನು ಕರುಳಿನಲ್ಲೇ ಹಿಡಿದಿಟ್ಟುಕೊಂಡು ಹೊರಗೆ ಹೋಗುತ್ತದೆ. ಅಂದರೆ ನೀವು ನೋಡುವ ನೀರಿನ ಬಹುಪಾಲು ನೀವು ಕುಡಿದದ್ದೇ, ಕಾಲರಾ ಬಂದವರಂತೆ ಮೈಯಿಂದ ಬಸಿದದ್ದಲ್ಲ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಬೇಕು. ಬೇಗ ಮುಗಿಯಲಿ ಎಂದು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ಆ ಸಮತೋಲನವೇ ತಪ್ಪುತ್ತದೆ. ತಣ್ಣಗೆ ಮಾಡಿ, ಕಾಲು ಗಂಟೆಗೊಂದು ಲೋಟದಂತೆ ಕುಡಿಯಿರಿ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ನಡುನಡುವೆ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ ನಡೆಯುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ತೀರ ವಯಸ್ಸಾದವರು ಯಾವ ಔಷಧಿ, ಎಷ್ಟು ಎಂಬುದನ್ನು ತಮ್ಮ ವೈದ್ಯರಿಂದಲೇ ಕೇಳಿ ತಿಳಿಯಬೇಕು. ಎಳನೀರು ಕೂಡ ಅವರೆಲ್ಲರಿಗೂ ಹೊಂದುವುದಿಲ್ಲ. ಹೊರಗೆ ಬರುವ ನೀರು ತಿಳಿಹಳದಿಯಾಗಿ, ಆಚೆಗಿನದು ಕಾಣುವಷ್ಟು ಪಾರದರ್ಶಕವಾಗಿರಬೇಕು. ಕಂದು ಬಣ್ಣದ ನೀರು ಇನ್ನೂ ಮಲವೇ.

ಕರುಳಿನ ಬಲಭಾಗದ ಬಗ್ಗೆ ನನಗೆ ಇಷ್ಟು ಹಟವೇಕೆ? ನಮ್ಮ ದೇಶದಲ್ಲಿ ಕರುಳಿನ ಕ್ಷಯ ಹೆಚ್ಚಾಗಿ ಹಿಡಿಯುವ ಜಾಗವೇ ಸಣ್ಣಕರುಳು ಸೀಕಮ್‌ಗೆ ಕೂಡುವ ತಿರುವು. ಕರುಳಿನಲ್ಲಿ ದೀರ್ಘಕಾಲ ಉರಿಯೂತ, ಹುಣ್ಣು ತರುವ ಕ್ರೋನ್ಸ್ ಕಾಯಿಲೆಗೂ ಅದೇ ಜಾಗ ಪ್ರಿಯ. ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟುಗಳಾದ, ಮುಂದೆ ಕ್ಯಾನ್ಸರ್ ಆಗಬಲ್ಲ ಪಾಲಿಪ್‌ಗಳಲ್ಲಿ ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡು, ಮೇಲೆ ಲೋಳೆ ಹೊದ್ದುಕೊಂಡಿರುವ ಬಗೆಯವು ಇಲ್ಲಿಯೇ ಹೆಚ್ಚು. ಎಡಭಾಗದ ಗಡ್ಡೆ ರಕ್ತ ಕಾಣಿಸಿಯೋ ಮಲಬದ್ಧತೆ ತಂದೋ ತನ್ನ ಇರುವಿಕೆಯನ್ನು ತಿಳಿಸುತ್ತದೆ. ಬಲಭಾಗದ್ದು ಕಣ್ಣಿಗೆ ಬೀಳದಂತೆ ರಕ್ತ ಸೋರಿಸುತ್ತಾ ಮನುಷ್ಯನನ್ನು ಬಿಳಿಚಿಸುತ್ತದೆ.

ಗದಗದ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಹಾಗೆಯೇ ಬಂದಿದ್ದರು. ಹಿಮೋಗ್ಲೋಬಿನ್ ಇಳಿದಿತ್ತು, ಕಬ್ಬಿಣದ ಮಾತ್ರೆ ನುಂಗಿದರೂ ಏರುತ್ತಿರಲಿಲ್ಲ. ಎರಡನೆಯ ಲೀಟರ್ ಮನೆಯ ಬಚ್ಚಲಿಗೆ ಹೋಗಿತ್ತು. ಎಡಭಾಗ ಕನ್ನಡಿಯಂತಿತ್ತು, ಬಲಕ್ಕೆ ಹೋದೊಡನೆ ಎಲ್ಲೆಡೆ ಹಸಿರು ಲೇಪ. ನೀರು ಹಾಯಿಸಿ ಎಳೆದೆವು, ಮತ್ತೆ ಹಾಯಿಸಿದೆವು. ಸೀಕಮ್ ತಲುಪಿದರೂ ನೋಡಿದ್ದೇನೆ ಎಂದು ಬರೆಯುವ ಹಾಗಿರಲಿಲ್ಲ. ಮೇಷ್ಟರು ಮೆತ್ತಗಿನವರು, "ಇಷ್ಟು ನೋಡಿದಿರಲ್ಲ, ಸಾಕಲ್ಲವೇ?" ಎಂದರು. ಸಾಲುವುದಿಲ್ಲ ಎಂದೆ. ಅಂದೇ ದಾಖಲು ಮಾಡಿಕೊಂಡು ಮತ್ತೆ ಔಷಧಿ ಕುಡಿಸಿ ಮರುದಿನ ನೋಡಿದಾಗ ಸೀಕಮ್‌ನ ಮಡಿಕೆಯ ಹಿಂದೆ ಗಡ್ಡೆ ಇತ್ತು. ಹಿಂದಿನ ದಿನ ಆ ಲೇಪದ ಕೆಳಗೇ ಇದ್ದ ಗಡ್ಡೆ. ಶಸ್ತ್ರಚಿಕಿತ್ಸೆಗೆ ಇನ್ನೂ ಸಮಯವಿತ್ತು ಎಂಬುದು ಅವರ ಪುಣ್ಯ. ಎಲ್ಲರೂ ಎರಡನೆಯ ದಿನಕ್ಕೆ ಒಪ್ಪುವುದಿಲ್ಲ, ಎಲ್ಲರ ಬಳಿ ಅದಕ್ಕೆ ದುಡ್ಡೂ ಇರುವುದಿಲ್ಲ.

ಊಟದ ಬಗ್ಗೆ ಒಂದು ಮಾತು. ಎರಡು ಮೂರು ದಿನ ಮೊದಲಿನಿಂದ ನಾರು, ಬೀಜ, ಸಿಪ್ಪೆ ಕಡಿಮೆ ಮಾಡಬೇಕು. ಜೋಳದ ರೊಟ್ಟಿ ಬಿಟ್ಟು ಅನ್ನ, ತಿಳಿಸಾರು, ಇಡ್ಲಿ ತಿನ್ನಿ ಎಂದರೆ ನಮ್ಮ ಕಡೆಯವರಿಗೆ ಬಹಳ ಕಷ್ಟ. ರೊಟ್ಟಿಯನ್ನಾದರೂ ಬಿಡುತ್ತಾರೆ, ಅನ್ನದ ಬದಿಗೆ ಗುರೆಳ್ಳು ಚಟ್ನಿ ಮಾತ್ರ ಬಂದೇ ಬರುತ್ತದೆ. ಆ ಕರಿ ಕಾಳು ಭೇದಿಯಾದರೂ ಕರುಳಿನ ಮಡಿಕೆಗಳಲ್ಲಿ ಉಳಿಯುತ್ತದೆ. ನಮ್ಮ ನಳಿಕೆಯಲ್ಲಿ ದ್ರವ ಹೀರುವ ರಂಧ್ರ ನಾಲ್ಕು ಮಿಲಿಮೀಟರ್‌ಗಿಂತ ಕಿರಿದು. ಗುರೆಳ್ಳು, ಟೊಮೆಟೊ ಬೀಜ, ಮೆಂತ್ಯ ಸೊಪ್ಪಿನ ಎಳೆ ಸಿಕ್ಕಿಕೊಂಡರೆ ಅದನ್ನು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಕಬ್ಬಿಣದ ಮಾತ್ರೆಯನ್ನು ಐದರಿಂದ ಏಳು ದಿನ ಮೊದಲು ನಿಲ್ಲಿಸುತ್ತೇವೆ, ಅದು ಮಲವನ್ನು ಕಪ್ಪಾಗಿ ಅಂಟಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಪಕ್ಕದ ಮನೆಯವರು ನಿಲ್ಲಿಸಿದ್ದರು ಎಂದು ನೀವು ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಮಾಡಿದರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್‌ಗಳ ಪ್ರಮಾಣವನ್ನೂ ಕೇಳಿಯೇ ಬದಲಿಸಿ.

ಪರೀಕ್ಷೆ ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ಎಡಮಗ್ಗುಲಿಗೆ ಮಲಗಿಸುತ್ತೇವೆ, ಕರುಳು ಬಿಚ್ಚಿಕೊಳ್ಳಲು ಗಾಳಿ ತುಂಬುತ್ತೇವೆ, ಸೀಕಮ್ ತಲುಪಿ ನಿಧಾನವಾಗಿ ಹಿಂದೆ ಬರುತ್ತಾ ನೋಡುತ್ತೇವೆ. ಬಯಾಪ್ಸಿಗೆ, ಅಂದರೆ ಪ್ರಯೋಗಾಲಯದ ಪರೀಕ್ಷೆಗೆ, ಕರುಳಿನ ಚೂರು ತೆಗೆಯುವಾಗ ನೋವು ತಿಳಿಯುವುದಿಲ್ಲ. ಮುಗಿದ ಮೇಲೆ ಗಾಳಿ ಹೋಗುವವರೆಗೆ ಹೊಟ್ಟೆ ಉಬ್ಬರವಿರುತ್ತದೆ. ಆ ದಿನ ವಾಹನ ಓಡಿಸಬೇಡಿ, ಜೊತೆಗೆ ಒಬ್ಬರು ಇರಲಿ. ಕರುಳಿಗೆ ತೂತಾಗುವುದು, ಹೆಚ್ಚು ರಕ್ತ ಹೋಗುವುದು ಅಪರೂಪ, ಇಲ್ಲವೇ ಇಲ್ಲ ಎಂದಲ್ಲ. ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತಿದ್ದರೆ, ಜ್ವರ ಬಂದರೆ, ರಕ್ತ ಹೆಚ್ಚು ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ. ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ರಕ್ತದ ಬಗ್ಗೆ ಎಚ್ಚರವಿರಲಿ.

ಕುಂದಗೋಳದ ಕಡೆಯ ಒಬ್ಬ ಅಜ್ಜಿಯನ್ನು ನೆನೆಯದೆ ಇರಲಾರೆ. ಓದು ಬಾರದು, ಗಡಿಯಾರ ನೋಡಲು ಬಾರದು. ಎಂಟು ಅವರೆಕಾಳನ್ನು ಒಂದು ಬಟ್ಟಲಿನಲ್ಲಿಟ್ಟುಕೊಂಡು ಒಂದೊಂದು ಲೋಟ ಕುಡಿದಾಗ ಒಂದೊಂದನ್ನು ಇನ್ನೊಂದು ಬಟ್ಟಲಿಗೆ ಹಾಕಿದ್ದರಂತೆ. ಮೊಮ್ಮಗ ಸಾಕು ಎಂದರೆ "ಕಾಳು ಇನ್ನೂ ಉಳಿದಿವೆ" ಎಂದು ಅವನನ್ನೇ ಗದರಿಸಿ ಕಳಿಸಿದರಂತೆ. ಅಷ್ಟು ಶುಭ್ರವಾದ ಕರುಳನ್ನು ಇಂಜಿನಿಯರುಗಳಲ್ಲೂ ನಾನು ಅಪರೂಪಕ್ಕೆ ಕಂಡಿದ್ದೇನೆ.

ದೂರದ ಊರಿನವರಿಗೆ ಮುಂಜಾನೆಯ ಲೀಟರ್ ನಿಜವಾಗಿಯೂ ಸಂಕಟ. ಅದನ್ನು ಕುಡಿದು ಬಸ್ ಹತ್ತಲು ಸಾಧ್ಯವೇ? ದಿನ ಗೊತ್ತುಮಾಡುವಾಗಲೇ ಬಾಯಿಬಿಟ್ಟು ಹೇಳಿ. ಮಧ್ಯಾಹ್ನದ ಹೊತ್ತು ಕೊಟ್ಟರೆ ಬೆಳಿಗ್ಗೆ ಬಂದು ಆಸ್ಪತ್ರೆಯಲ್ಲೇ ಕುಡಿಯಬಹುದು, ಅಥವಾ ಹಿಂದಿನ ರಾತ್ರಿ ಹತ್ತಿರ ಉಳಿಯಬಹುದು. ಇದನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ವರದಿ ಕೈಗೆ ಬಂದಾಗ ಕೊನೆಯ ಸಾಲಿನ ತೀರ್ಮಾನವನ್ನಷ್ಟೇ ಓದಿ ಮಡಚಿಡಬೇಡಿ. ಸೀಕಮ್ ತಲುಪಿದ್ದಾರೆಯೇ, ಕರುಳು ಎಷ್ಟು ಸ್ವಚ್ಛವಿತ್ತು ಎಂದು ಬರೆದಿರುತ್ತದೆ. ಹಲವೆಡೆ ಬಾಸ್ಟನ್ ಅಳತೆಯಲ್ಲಿ ಬಲ, ನಡು, ಎಡ ಮೂರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಮೂರರಲ್ಲೂ ಕನಿಷ್ಠ ಎರಡು ಇರಬೇಕು. ಬಲಭಾಗಕ್ಕೆ ಒಂದೋ ಸೊನ್ನೆಯೋ ಇದ್ದು, ಕೆಳಗೆ 'ಏನೂ ತೊಂದರೆ ಕಾಣಲಿಲ್ಲ' ಎಂದಿದ್ದರೆ, ಮತ್ತೆ ಯಾವಾಗ ನೋಡಬೇಕು ಎಂದು ನಿಮ್ಮ ವೈದ್ಯರನ್ನು ಕೇಳಿಯೇ ಹೊರಡಿ.