ಯಾರಿಗೆ ವಿನಾಯಿತಿ? ಮೆಮೊರಿ ರಕ್ಷಣೆ ಮತ್ತು ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್

2010ರ ಆಸುಪಾಸಿನಲ್ಲಿ ಜೆಂಟೂ ಹಾರ್ಡನ್ಡ್ ಎಂಬ, ಭದ್ರತೆಗೆ ಒತ್ತು ಕೊಟ್ಟ ಲಿನಕ್ಸ್ ಬಳಸುತ್ತಿದ್ದವರಿಗೆ ಈ ಅನುಭವ ಹೊಸದೇನಲ್ಲ. ಹೊರಗಿನಿಂದ ಡೌನ್‌ಲೋಡ್ ಮಾಡಿದ ಜಾವಾವನ್ನು ಬಿಚ್ಚಿ ಒಂದು ಫೋಲ್ಡರ್‌ನಲ್ಲಿ ಇಡುತ್ತಾರೆ. ಓಡಿಸಲು ಹೋದರೆ ಶುರುವಾಗುವ ಮೊದಲೇ ಸತ್ತುಹೋಗುತ್ತದೆ. ಜಾವಾದಲ್ಲಿ ತಪ್ಪಿಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೂ ಇಲ್ಲ. ಜಾವಾ ಓಡುತ್ತಿರುವಾಗಲೇ ಹೊಸ ಇನ್‌ಸ್ಟ್ರಕ್ಷನ್‌ಗಳನ್ನು (ಪ್ರೊಸೆಸರ್‌ಗೆ ಕೊಡುವ ಆದೇಶಗಳನ್ನು) ಮೆಮೊರಿಯಲ್ಲಿ ಬರೆದು ಅವನ್ನೇ ಓಡಿಸುತ್ತದೆ. ಬರೆದ ಜಾಗದಿಂದ ಏನನ್ನೂ ಓಡಿಸಬಾರದು ಅನ್ನುವುದು ಆ ಕರ್ನಲ್‌ನ ನಿಯಮ. ಇಬ್ಬರ ನಡುವಿನ ಈ ಜಗಳ ಒಂದೇ ಅಕ್ಷರದಲ್ಲಿ ಮುಗಿಯುತ್ತಿತ್ತು: ಫೈಲಿಗೆ ಹಚ್ಚುವ ಇಂಗ್ಲಿಷಿನ ಸಣ್ಣ ಎಂ (m). ಆ ಅಕ್ಷರ ಯಾವ ಯಾವ ಫೈಲಿಗೆ ಇರಬೇಕು ಅಂತ ನೋಡಿಕೊಳ್ಳುತ್ತಿದ್ದದ್ದು ಕೆಲವೇ ಸಾಲುಗಳ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್.

ಇಷ್ಟು ಕಟ್ಟುನಿಟ್ಟು ಯಾಕೆ? ಪ್ರೊಸೆಸರ್ ಕಣ್ಣಿಗೆ ಮೆಮೊರಿಯಲ್ಲಿ ಇರುವುದೆಲ್ಲ ಬರೀ ಅಂಕಿಗಳು. ಅದು ನಿಮ್ಮ ಹೆಸರೋ, ಫೋಟೋದ ತುಣುಕೋ, ಇನ್‌ಸ್ಟ್ರಕ್ಷನ್ನೋ ಅಂತ ಅದು ಕೇಳುವುದಿಲ್ಲ. ಇಲ್ಲಿಂದ ಓಡಿಸು ಅಂದರೆ ಓಡಿಸುತ್ತದೆ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಹಬ್ಬಿದ ಮಾರಿಸ್ ವರ್ಮ್ ಎಂಬ, ತಾನೇ ಹರಡುವ ಪ್ರೋಗ್ರಾಂ ಇದನ್ನೇ ಬಳಸಿಕೊಂಡಿತ್ತು. ಫಿಂಗರ್ ಎಂಬ ಸೇವೆ ಹೊರಗಿನಿಂದ ಬಂದ ಸಾಲನ್ನು 512 ಬೈಟ್ ಜಾಗಕ್ಕೆ ತುಂಬಿಕೊಳ್ಳುತ್ತಿತ್ತು, ಆದರೆ ಬಂದದ್ದು ಎಷ್ಟು ಉದ್ದ ಅಂತ ಅಳೆಯುತ್ತಿರಲಿಲ್ಲ. ಸೇರು ಹಿಡಿಯುವ ಪಾತ್ರೆಗೆ ಸೇರಿಗಿಂತ ಜಾಸ್ತಿ ಸುರಿದರೆ ಪಕ್ಕಕ್ಕೆ ಚೆಲ್ಲುತ್ತದೆ ಅಲ್ವಾ? ಹಾಗೆ ಚೆಲ್ಲಿದ ಬೈಟ್‌ಗಳು 'ಕೆಲಸ ಮುಗಿದ ಮೇಲೆ ಎಲ್ಲಿಗೆ ಹಿಂತಿರುಗಬೇಕು' ಎಂಬ ವಿಳಾಸದ ಮೇಲೆ ಬಿದ್ದವು. ಹೊಸ ವಿಳಾಸ ತೋರಿಸುತ್ತಿದ್ದದ್ದು ಆಗ ತಾನೇ ಹೊರಗಿನಿಂದ ಬಂದ ಡೇಟಾದ ಕಡೆಗೇ. ಪ್ರೊಸೆಸರ್ ಅದನ್ನು ವಿಧೇಯವಾಗಿ ಓಡಿಸಿತು.

ಮದ್ದು ಕೇಳಲು ಸುಲಭ. ಮೆಮೊರಿಯನ್ನು ಪೇಜ್‌ಗಳಾಗಿ ಹಂಚಿರುತ್ತಾರೆ, ಸಾಮಾನ್ಯವಾಗಿ ಒಂದೊಂದೂ 4096 ಬೈಟ್. ಒಂದೊಂದು ಪೇಜಿಗೂ ಅನುಮತಿ ಇರುತ್ತದೆ: ಓದಬಹುದು, ಬರೆಯಬಹುದು, ಓಡಿಸಬಹುದು. ಬರೆಯಬಹುದಾದ ಪೇಜನ್ನು ಓಡಿಸಲು ಬಿಡದಿದ್ದರೆ ಆಯಿತು. ತೊಂದರೆ ಏನೆಂದರೆ, ಹಳೆಯ 32 ಬಿಟ್ ಇಂಟೆಲ್ ಪ್ರೊಸೆಸರ್‌ಗಳ ಪೇಜ್ ಪಟ್ಟಿಯಲ್ಲಿ 'ಓಡಿಸಬೇಡ' ಎಂದು ಬರೆಯಲು ಜಾಗವೇ ಇರಲಿಲ್ಲ. ಓದಬಹುದು ಅಂದರೆ ಓಡಿಸಲೂಬಹುದು, ಅಷ್ಟೇ.

2000ನೇ ಇಸವಿಯಲ್ಲಿ ಪ್ಯಾಕ್ಸ್ ಎಂಬ ಲಿನಕ್ಸ್ ಪ್ಯಾಚ್ (ಕರ್ನಲ್‌ಗೆ ಸೇರಿಸುವ ತಿದ್ದುಪಡಿ) ಹೊರಬಂತು. ಮೊದಲು ಹೇಳಿದ ಜೆಂಟೂ ಕರ್ನಲ್‌ನಲ್ಲಿದ್ದದ್ದು ಇದೇ. ಬರೆದವರು ತಮ್ಮ ಹೆಸರು ಹೇಳಿಕೊಳ್ಳಲಿಲ್ಲ, 'ಪ್ಯಾಕ್ಸ್ ಟೀಮ್' ಎಂದಷ್ಟೇ ಸಹಿ. ಅವರ ಜಾಣತನ ನನಗೆ ಇವತ್ತಿಗೂ ಬೆರಗು. ಪ್ರೊಸೆಸರ್ ತಾನು ಈಚೆಗೆ ನೋಡಿದ ಪೇಜ್‌ಗಳ ವಿಳಾಸವನ್ನು ಒಂದು ಸಣ್ಣ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಡೇಟಾಕ್ಕೆ ಒಂದು ಕ್ಯಾಶ್, ಇನ್‌ಸ್ಟ್ರಕ್ಷನ್‌ಗೆ ಇನ್ನೊಂದು. ಈ ಎರಡನ್ನೂ ಬೇಕೆಂದೇ ಬೇರೆ ಬೇರೆ ಸ್ಥಿತಿಯಲ್ಲಿ ಇಟ್ಟು, ಹಾರ್ಡ್‌ವೇರ್‌ನಲ್ಲಿ ಇಲ್ಲದ 'ಓಡಿಸಬೇಡ' ಅನುಮತಿಯನ್ನು ಸಾಫ್ಟ್‌ವೇರ್‌ನಿಂದಲೇ ಹುಟ್ಟಿಸಿದರು. ಆಮೇಲೆ ಬಂದ ಇನ್ನೊಂದು ವಿಧಾನದಲ್ಲಿ ಪ್ರೋಗ್ರಾಂಗೆ ಸಿಗುವ 3 ಜಿಬಿ ವಿಳಾಸಗಳನ್ನು ಒಂದೂವರೆ ಜಿಬಿಯ ಎರಡು ಪಾಲು ಮಾಡಿ, ಒಂದನ್ನು ಡೇಟಾಕ್ಕೆ, ಒಂದನ್ನು ಇನ್‌ಸ್ಟ್ರಕ್ಷನ್‌ಗೆ ಮೀಸಲಿಟ್ಟರು. 2003ರಲ್ಲಿ ಎಎಂಡಿ ಆಪ್ಟೆರಾನ್‌ನ ಪೇಜ್ ಪಟ್ಟಿಯಲ್ಲೇ ಇದಕ್ಕೊಂದು ಬಿಟ್ ಬಂತು. ಇಂಟೆಲ್ 2004ರಲ್ಲಿ ಅದೇ ದಾರಿ ಹಿಡಿಯಿತು. ಆ ವರ್ಷವೇ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನಲ್ಲೂ ಈ ರಕ್ಷಣೆ ಸೇರಿತು.

ಆದರೆ ಬಿಟ್ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ. ಪ್ರೋಗ್ರಾಂ ತನ್ನ ಪೇಜಿನ ಅನುಮತಿ ಬದಲಿಸು ಅಂತ ಕರ್ನಲ್ ಅನ್ನು ಕೇಳಬಹುದು. ಎಂಪ್ರೊಟೆಕ್ಟ್ ಎಂಬ ಕರೆ ಇರುವುದೇ ಅದಕ್ಕೆ. ದಾಳಿಕೋರ ಮೊದಲು ಡೇಟಾ ತುಂಬಿಸಿ, ಆಮೇಲೆ ಪ್ರೋಗ್ರಾಂ ಕೈಯಲ್ಲೇ ಈ ಕರೆ ಮಾಡಿಸಿದರೆ ನಿಯಮ ಸುಮ್ನೆ ಹೆಸರಿಗೆ ಮಾತ್ರ ಉಳಿಯುತ್ತದೆ. ಅದಕ್ಕೇ ಪ್ಯಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಬರೆಯಲು ಬಿಟ್ಟ ಪೇಜಿಗೆ ಆಮೇಲೆ ಯಾವತ್ತೂ ಓಡುವ ಅನುಮತಿ ಕೊಡಬಾರದು. ಫೈರ್‌ಫಾಕ್ಸ್ 2016ರಲ್ಲಿ, ಒಂದು ಪೇಜ್ ಒಂದು ಹೊತ್ತಿಗೆ ಬರೆಯಲು ಅಥವಾ ಓಡಲು, ಎರಡರಲ್ಲಿ ಒಂದಕ್ಕೆ ಮಾತ್ರ ಇರುವಂತೆ ತನ್ನ ಜಾವಾಸ್ಕ್ರಿಪ್ಟ್ ಎಂಜಿನ್ ಅನ್ನು ತಿದ್ದಿತು. ಅದು ಒಳ್ಳೆಯ ಬದಲಾವಣೆಯೇ. ಆದರೂ ಪ್ಯಾಕ್ಸ್‌ನ ನಿಯಮಕ್ಕೆ ಅದು ಸಾಲುವುದಿಲ್ಲ, ಏಕೆಂದರೆ ಬರೆದ ಪೇಜೇ ಆಮೇಲೆ ಓಡುವ ಪೇಜ್ ಆಗುತ್ತದೆ.

ಹೀಗಾಗಿ ಜಾವಾ, ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ), ಬ್ರೌಸರ್‌ನಂಥವಕ್ಕೆ ವಿನಾಯಿತಿ ಕೊಡಲೇಬೇಕಾಯಿತು. ಪ್ಯಾಕ್ಸ್‌ನ ಒಂದೊಂದು ರಕ್ಷಣೆಗೂ ಒಂದೊಂದು ಅಕ್ಷರ ಇದೆ. ದೊಡ್ಡ ಅಕ್ಷರ ಅಂದರೆ ಚಾಲೂ, ಸಣ್ಣದು ಅಂದರೆ ಬಂದ್. ಎಂ ಅಂದರೆ ಈಗ ಹೇಳಿದ ನಿಯಮ. ಆರ್ ಅಂದರೆ ಪ್ರೋಗ್ರಾಂ ಓಡುವ ಪ್ರತಿ ಸಲ ಮೆಮೊರಿ ವಿಳಾಸಗಳನ್ನು ಕಲಸುವುದು. ಪಿ ಅಂದರೆ ಪೇಜ್ ಮಟ್ಟದ ತಡೆ. ಜಾವಾಕ್ಕೆ ಬೇಕಾದದ್ದು ಸಣ್ಣ ಎಂ ಮಾತ್ರ. ಉಳಿದ ರಕ್ಷಣೆಗಳು ಇರಲಿ. ಆದರೆ ಪ್ರೋಗ್ರಾಂ ಸತ್ತಾಗ ಸಿಟ್ಟಿನಲ್ಲಿ ಎಲ್ಲ ಅಕ್ಷರಗಳನ್ನೂ ಸಣ್ಣದು ಮಾಡಿಬಿಡುವ ಆಸೆ ಬರುತ್ತದೆ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ರಕ್ಷಣೆ ಸೋರಿಹೋಗುವುದು ಆ ಆತುರದಲ್ಲೇ.

ಈ ಅಕ್ಷರಗಳು ಇರುವುದೆಲ್ಲಿ? ಮೊದಮೊದಲು ಎಕ್ಸಿಕ್ಯೂಟಬಲ್ (ಓಡಿಸಬಹುದಾದ) ಫೈಲಿನ ತಲೆಭಾಗದಲ್ಲಿ ಬಳಕೆಯಾಗದೆ ಉಳಿದಿದ್ದ ಜಾಗದಲ್ಲಿ. ಆಮೇಲೆ ಅದಕ್ಕೆಂದೇ ಫೈಲಿನೊಳಗೆ ಒಂದು ಹೆಡರ್ ಬಂತು. ಅದನ್ನು ಪ್ಯಾಕ್ಸ್‌ಸಿಟಿಎಲ್ ಎಂಬ ಕಮಾಂಡಿನಿಂದ ತಿದ್ದುತ್ತಿದ್ದರು. ಎರಡರಲ್ಲೂ ಒಂದು ತೊಡಕು. ಫೈಲಿನ ಒಳಗೆ ಕೈ ಹಾಕಿದರೆ ಅದರ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಸಂಖ್ಯೆ) ಬದಲಾಗುತ್ತದೆ. ಆಗ ಪ್ರೋಗ್ರಾಂಗಳನ್ನು ಸ್ಥಾಪಿಸುವ ಪ್ಯಾಕೇಜ್ ಮ್ಯಾನೇಜರ್‌ಗೆ ಅದು ಯಾರೋ ತಿದ್ದಿದ ಫೈಲ್. ಪ್ರೋಗ್ರಾಂ ಓಡುತ್ತಿದ್ದರಂತೂ 'ಟೆಕ್ಸ್ಟ್ ಫೈಲ್ ಬ್ಯುಸಿ' ಎಂದು ಕರ್ನಲ್ ತಿದ್ದಲು ಬಿಡುವುದೇ ಇಲ್ಲ. ಕೊನೆಗೆ ಗುರುತನ್ನು ಫೈಲಿನ ಹೊರಗೆ, ಫೈಲ್‌ಸಿಸ್ಟಮ್ ಇಟ್ಟುಕೊಳ್ಳುವ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ ಬರೆಯುವ ಪದ್ಧತಿ ಬಂತು. ಸೆಟ್‌ಎಫ್‌ಆಟ್ಟರ್ ಕಮಾಂಡ್ ಒಂದಿದ್ದರೆ ಸಾಕು, ಫೈಲಿನ ಒಂದು ಬೈಟೂ ಬದಲಾಗುವುದಿಲ್ಲ.

ಆದರೆ ಹೊರಗೆ ಅಂಟಿದ ಗುರುತು ಬೇಗ ಉದುರುತ್ತದೆ. ನಕಲು ಮಾಡುವ ಸಿಪಿ ಕಮಾಂಡಿಗೆ ಬಾಯಿಬಿಟ್ಟು ಹೇಳದಿದ್ದರೆ ನಕಲಿಗೆ ಗುರುತು ಬರುವುದಿಲ್ಲ. ಫೈಲ್‌ಗಳನ್ನು ಒಟ್ಟಿಗೆ ಕಟ್ಟಿಡುವ ಟಾರ್ ಕೂಡ ಹಾಗೇ. ಮುಖ್ಯವಾಗಿ, ಅಪ್‌ಡೇಟ್ ಬಂದಾಗ ಹಳೆಯ ಫೈಲ್ ಹೋಗಿ ಹೊಸದು ಕೂರುತ್ತದೆ. ಹೊಸದರ ಮೇಲೆ ಗುರುತು ಇರುವುದಿಲ್ಲ. ನಿನ್ನೆ ಓಡಿದ ಜಾವಾ ಇವತ್ತು ಸಾಯುತ್ತದೆ. ಸ್ಕ್ರಿಪ್ಟ್ ಬೇಕಾಗುವುದು ಇಲ್ಲೇ.

ಸ್ಕ್ರಿಪ್ಟಿನ ಜೊತೆ ಒಂದು ಪಟ್ಟಿ ಇರುತ್ತದೆ. ಸಾಲಿಗೊಂದು ವಿನಾಯಿತಿ: ಮೊದಲು ಅಕ್ಷರ, ಆಮೇಲೆ ಫೈಲಿನ ಪೂರ್ತಿ ದಾರಿ. ಸ್ಕ್ರಿಪ್ಟ್ ಒಂದೊಂದೇ ಸಾಲು ಓದುತ್ತದೆ. ಫೈಲ್ ಇದೆಯೇ? ಇಲ್ಲದಿದ್ದರೆ ಹೇಳಿ ಮುಂದೆ ಹೋಗು. ಈಗಾಗಲೇ ಅದೇ ಗುರುತು ಇದೆಯೇ? ಇದ್ದರೆ ಮುಟ್ಟಬೇಡ. ಇಲ್ಲದಿದ್ದರೆ ಹಚ್ಚು, ಹಚ್ಚಿದ್ದನ್ನು ಲಾಗ್‌ನಲ್ಲಿ ಬರೆ. ಪ್ರತಿ ಅಪ್‌ಡೇಟ್ ಆದ ಮೇಲೆ ಇದನ್ನೇ ಇನ್ನೊಮ್ಮೆ ಓಡಿಸಿದರಾಯಿತು. ಎಷ್ಟು ಸಲ ಓಡಿಸಿದರೂ ಫಲಿತಾಂಶ ಒಂದೇ.

ಎಡವುವುದು ಫೈಲಿನ ದಾರಿಯಲ್ಲಿ. ಫೈರ್‌ಫಾಕ್ಸ್ ಎಂದು ಬರೆದಾಗ ಓಡುವುದು ಎಷ್ಟೋ ಲಿನಕ್ಸ್‌ಗಳಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್. ನಿಜವಾದ ಪ್ರೋಗ್ರಾಂ ಬೇರೆ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಆ ಸ್ಕ್ರಿಪ್ಟಿಗೆ ಸಣ್ಣ ಎಂ ಹಚ್ಚಿದರೆ ಏನೂ ಆಗುವುದಿಲ್ಲ, ಏಕೆಂದರೆ ಕರ್ನಲ್ ಗುರುತು ಹುಡುಕುವುದು ಮೆಮೊರಿಗೆ ಏರುವ ಎಕ್ಸಿಕ್ಯೂಟಬಲ್‌ನಲ್ಲಿ. ಇದನ್ನು ಹಿಡಿಯುವುದು ಸುಲಭ. ಲಿನಕ್ಸ್‌ನ ಎಕ್ಸಿಕ್ಯೂಟಬಲ್ ಫೈಲಿನ ಮೊದಲ ನಾಲ್ಕು ಬೈಟ್ ಯಾವಾಗಲೂ ಒಂದೇ: 127 ಎಂಬ ಸಂಖ್ಯೆ, ಆಮೇಲೆ ಇ, ಎಲ್, ಎಫ್ ಅಕ್ಷರಗಳು. ಹೆಡ್ ಕಮಾಂಡಿನಿಂದ ಆ ನಾಲ್ಕು ಬೈಟ್ ಓದಿ, ಹೊಂದದಿದ್ದರೆ ಗಟ್ಟಿಯಾಗಿ ದೂರು ಹೇಳುವ ಸ್ಕ್ರಿಪ್ಟೇ ಒಳ್ಳೆಯ ಸ್ಕ್ರಿಪ್ಟ್. ಸುಮ್ಮನೆ ಮುಂದೆ ಹೋಗುವ ಸ್ಕ್ರಿಪ್ಟ್ ಅಪಾಯಕಾರಿ. ಆಯಿತು ಅನ್ನಿಸುತ್ತದೆ, ಆಗಿರುವುದಿಲ್ಲ.

ಪಟ್ಟಿಯಲ್ಲಿ ಏನು ಬರೆಯುತ್ತೇವೆ ಅನ್ನುವುದು ಇನ್ನೂ ದೊಡ್ಡ ವಿಷಯ. ಪೈಥಾನ್‌ನಲ್ಲಿ ಬರೆದ ಯಾವುದೋ ಒಂದು ಪ್ರೋಗ್ರಾಂಗೆ ವಿನಾಯಿತಿ ಬೇಕು ಅಂದುಕೊಳ್ಳಿ. ಗುರುತು ಬೀಳುವುದು ಅದನ್ನು ಓದಿ ಓಡಿಸುವ ಪೈಥಾನ್ ಇಂಟರ್‌ಪ್ರಿಟರ್ ಮೇಲೆ. ಅಂದರೆ ಆ ಕಂಪ್ಯೂಟರಿನಲ್ಲಿ ಪೈಥಾನ್ ಮೂಲಕ ಓಡುವ ಎಲ್ಲಕ್ಕೂ ವಿನಾಯಿತಿ ಸಿಕ್ಕಿತು, ನೆಟ್‌ವರ್ಕ್‌ನಿಂದ ಡೇಟಾ ಪಡೆಯುವ ಸೇವೆಗಳೂ ಸೇರಿ. ಇಂಥ ಕಡೆ ಇಂಟರ್‌ಪ್ರಿಟರ್‌ನ ಒಂದು ಪ್ರತ್ಯೇಕ ನಕಲು ಮಾಡಿ, ಅದಕ್ಕೆ ಮಾತ್ರ ಗುರುತು ಹಚ್ಚಿ, ಆ ಒಂದು ಪ್ರೋಗ್ರಾಂ ಅನ್ನು ಅದರಿಂದಲೇ ಓಡಿಸುವುದು ಒಳ್ಳೆಯದು. ಕೆಲಸ ಸ್ವಲ್ಪ ಜಾಸ್ತಿ, ಆದರೆ ಬಾಗಿಲು ಎಷ್ಟು ತೆರೆದಿದೆ ಅಂತ ಗೊತ್ತಿರುತ್ತದೆ. ಪ್ರತಿ ಸಾಲಿನ ಪಕ್ಕ ಕಾರಣವನ್ನೂ ಬರೆಯಬೇಕು. ಕಾರಣ ಇಲ್ಲದ ಸಾಲನ್ನು ಮುಂದೆ ಯಾರೂ ಅಳಿಸುವ ಧೈರ್ಯ ಮಾಡುವುದಿಲ್ಲ. ಸ್ಕ್ರಿಪ್ಟ್ ಉಲ್ಟಾ ದಿಕ್ಕಿನಲ್ಲೂ ಹುಡುಕಬೇಕು: ಗುರುತು ಇದೆ, ಆದರೆ ಪಟ್ಟಿಯಲ್ಲಿ ಇಲ್ಲ, ಅಂಥ ಫೈಲ್ ಯಾವುದಾದರೂ ಇದೆಯೇ?

2017ರ ಏಪ್ರಿಲ್‌ನಲ್ಲಿ ಪ್ಯಾಕ್ಸ್ ಅನ್ನು ಒಳಗೊಂಡ ಜಿಆರ್‌ಸೆಕ್ಯೂರಿಟಿ ಪ್ಯಾಚ್‌ಗಳು ಸಾರ್ವಜನಿಕರಿಗೆ ಸಿಗುವುದು ನಿಂತಿತು. ಅಂದಿನಿಂದ ಅವು ಗ್ರಾಹಕರಿಗೆ ಮಾತ್ರ. ಜೆಂಟೂ ಕೂಡ ಆ ಕರ್ನಲ್ ಅನ್ನು ಕೈಬಿಟ್ಟಿತು. ಆದರೆ ವಿಚಾರ ನಿಲ್ಲಲಿಲ್ಲ. ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ತನ್ನದೇ ಪ್ಯಾಕ್ಸ್ ಕಟ್ಟಿಕೊಂಡಿದೆ. 2018ರ 8.0 ಆವೃತ್ತಿಯಿಂದ ಸಾಮಾನ್ಯ ಪಿಸಿಗಳಲ್ಲಿ ಎಂ ನಿಯಮ ತಾನಾಗಿಯೇ ಚಾಲೂ ಇರುತ್ತದೆ. ಲಿನಕ್ಸ್ ಕರ್ನಲ್ 2023ರ 6.3 ಆವೃತ್ತಿಯಲ್ಲಿ, ಪ್ರೋಗ್ರಾಂ ತಾನಾಗಿಯೇ ಇಂಥ ನಿಯಮವನ್ನು ಒಪ್ಪಿಕೊಳ್ಳುವ ಸೌಲಭ್ಯ ಕೊಟ್ಟಿತು.

ಇವತ್ತು ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ನೋಡಬಹುದಾದ ಗುರುತು ಇನ್ನೊಂದಿದೆ. ನನ್ನ ಸ್ಟ್ಯಾಕ್ (ತಾತ್ಕಾಲಿಕ ಡೇಟಾ, ಹಿಂತಿರುಗುವ ವಿಳಾಸ ಇರುವ ಮೆಮೊರಿ) ಓಡುವಂತಿರಬೇಕೇ, ಬೇಡವೇ ಎಂದು ಪ್ರತಿ ಎಕ್ಸಿಕ್ಯೂಟಬಲ್ ಮತ್ತು ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ತನ್ನ ಹೆಡರ್‌ನಲ್ಲಿ ಹೇಳಿಕೊಳ್ಳುತ್ತದೆ. ರೀಡ್‌ಎಲ್ಫ್ ಕಮಾಂಡಿನಲ್ಲಿ ಗ್ನೂ ಸ್ಟ್ಯಾಕ್ ಎಂಬ ಸಾಲು ನೋಡಿ. ಓದು, ಬರೆ ಎಂಬ ಎರಡೇ ಗುರುತು ಇದ್ದರೆ ಸರಿ. ಮೂರನೆಯದಾಗಿ ಇ ಅಕ್ಷರ ಕಂಡರೆ, ಆ ಫೈಲ್ ಓಡುವ ಸ್ಟ್ಯಾಕ್ ಕೇಳುತ್ತಿದೆ ಎಂದರ್ಥ. ಲೈಬ್ರರಿ ಫೋಲ್ಡರಿನ ಎಲ್ಲ ಫೈಲುಗಳ ಮೇಲೆ ಒಂದು ಫಾರ್ ಲೂಪ್ ಓಡಿಸಿ, ಇ ಇರುವವನ್ನು ಮಾತ್ರ ಪಟ್ಟಿ ಮಾಡಲು ನಾಲ್ಕೈದು ಸಾಲಿನ ಸ್ಕ್ರಿಪ್ಟ್ ಸಾಕು.

ಈ ಪಟ್ಟಿಗೆ ಈಗ ಬೆಲೆ ಹೆಚ್ಚಿದೆ. 2025ರ ಜನವರಿಯಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.41 ಆವೃತ್ತಿ, ಓಡುತ್ತಿರುವ ಪ್ರೋಗ್ರಾಂಗೆ ನಡುವೆ ಸೇರುವ ಲೈಬ್ರರಿ ಓಡುವ ಸ್ಟ್ಯಾಕ್ ಕೇಳಿದರೆ ಅದನ್ನು ಸೇರಿಸುವುದಿಲ್ಲ. ಆಗ ಹಲವರು ಪ್ಯಾಚ್‌ಎಲ್ಫ್ ಕಮಾಂಡಿನಿಂದ ಆ ಇ ಅಳಿಸಿ ಕೆಲಸ ಸಾಗಿಸಿಕೊಂಡರು. ಅಳಿಸುವ ಮೊದಲು ಅದು ಯಾಕೆ ಬಂತು ಎಂದು ನೋಡಬೇಕು. ಜಿಸಿಸಿ ಕಂಪೈಲರ್‌ನಲ್ಲಿ ಫಂಕ್ಷನ್ ಒಳಗೆ ಫಂಕ್ಷನ್ ಬರೆದು ಅದರ ವಿಳಾಸ ಬಳಸಿದವರಿಗೆ ಅದು ನಿಜವಾಗಿಯೂ ಬೇಕಿರಬಹುದು. ಬಹಳಷ್ಟು ಸಲ ಕಾರಣ ಬರೀ ಮರೆವು: ಕೈಯಲ್ಲಿ ಬರೆದ ಅಸೆಂಬ್ಲಿ (ಪ್ರೊಸೆಸರ್ ಇನ್‌ಸ್ಟ್ರಕ್ಷನ್‌ಗಳನ್ನೇ ಬರೆಯುವ ಭಾಷೆ) ಫೈಲೊಂದರಲ್ಲಿ 'ನನಗೆ ಓಡುವ ಸ್ಟ್ಯಾಕ್ ಬೇಡ' ಎಂಬ ಸಾಲು ಬಿಟ್ಟುಹೋಗಿರುತ್ತದೆ. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಅದನ್ನು 'ಬೇಕು' ಎಂದೇ ಓದುತ್ತದೆ. 2022ರ ಬಿನ್‌ಯುಟಿಲ್ಸ್ (ಲಿಂಕರ್ ಇರುವ ಪ್ಯಾಕೇಜ್) 2.39ರಿಂದ ಲಿಂಕರ್ ಇದನ್ನು ಎಚ್ಚರಿಕೆಯಾಗಿ ತೋರಿಸುತ್ತದೆ. ಅಸೆಂಬ್ಲಿ ಫೈಲಿನ ಕೊನೆಗೆ ಆ ಒಂದು ಸಾಲು ಸೇರಿಸಿ ಮತ್ತೆ ಕಂಪೈಲ್ ಮಾಡಿ, ತಿದ್ದುಪಡಿಯನ್ನು ಲೈಬ್ರರಿ ಬರೆದವರಿಗೂ ಕಳಿಸಿದರೆ, ಪ್ಯಾಚ್‌ಎಲ್ಫ್ ಸಾಲನ್ನು ನಿಮ್ಮ ಸ್ಕ್ರಿಪ್ಟಿನಿಂದ ತೆಗೆದುಹಾಕಬಹುದು.