ಎರಡು ಗುಂಪುಗಳ ಹೋಲಿಕೆ: ಟಿ-ಪರೀಕ್ಷೆಯೋ, ಮಾನ್–ವಿಟ್ನಿಯೋ?

ಪ್ರಶ್ನೆ: ಮನೋವಿಜ್ಞಾನದ ಪ್ರಬಂಧಕ್ಕಾಗಿ ಎರಡು ಗುಂಪುಗಳ ಆತಂಕದ ಅಂಕಗಳನ್ನು ಹೋಲಿಸುತ್ತಿದ್ದೇನೆ. ಅಂಕಗಳ ವಿತರಣೆ (ಹರಡಿರುವ ಬಗೆ) ನಾರ್ಮಲ್, ಅಂದರೆ ಗಂಟೆಯಾಕಾರದ್ದು ಹೌದೇ ಎಂದು ನೋಡುವ ಶಾಪಿರೊ–ವಿಲ್ಕ್ ಪರೀಕ್ಷೆಯಲ್ಲಿ ಪಿ-ಮೌಲ್ಯ 0.03 ಬಂದಿದೆ. (ಪಿ-ಮೌಲ್ಯವೆಂದರೆ ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ; 0.05ಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸವಿದೆ ಎನ್ನುವುದು ರೂಢಿ.) ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆಯನ್ನು ಬಿಟ್ಟು, ಅಂಕಗಳನ್ನು ಏರಿಕೆಯ ಶ್ರೇಣಿಗಳಾಗಿ (ಮೊದಲನೆಯದು, ಎರಡನೆಯದು ಎಂಬಂತೆ) ಜೋಡಿಸಿ ಹೋಲಿಸುವ ಮಾನ್–ವಿಟ್ನಿ ಪರೀಕ್ಷೆಯನ್ನೇ ಮಾಡಬೇಕೇ?

ಉತ್ತರ: ಬೇಕಿಲ್ಲ. ಅಂಕಿ ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಮುಂದೆ ಕೇಳುವವರಿಗೆ ಇದನ್ನೇ ತೋರಿಸಬಹುದೆಂಬ ಸ್ವಾರ್ಥವೂ ಇದೆ.

ಮೊದಲು ನೋಡಬೇಕಾದದ್ದು ಅಂಕಗಳ ಆಕಾರವನ್ನಲ್ಲ, ಅವು ಬಂದ ಬಗೆಯನ್ನು. ಅದೇ ವ್ಯಕ್ತಿಗಳನ್ನು ಎರಡು ಸಲ ಅಳೆದಿದ್ದರೆ ಜೋಡಿ ಟಿ-ಪರೀಕ್ಷೆ, ಗುಂಪುಗಳಲ್ಲಿ ಬೇರೆ ಬೇರೆಯವರಿದ್ದರೆ ಸ್ವತಂತ್ರ ಗುಂಪುಗಳ ಪರೀಕ್ಷೆ, ಉತ್ತರಗಳು ಹೌದು–ಇಲ್ಲ ರೂಪದಲ್ಲಿದ್ದರೆ ಎಣಿಕೆಗಳನ್ನು ಹೋಲಿಸುವ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ. ಇಲ್ಲಿ ಎಡವಿದರೆ ಮುಂದಿನ ಯಾವ ಎಚ್ಚರಿಕೆಯೂ ಕೈಹಿಡಿಯದು.

ಇನ್ನು, 'ದತ್ತಾಂಶ ನಾರ್ಮಲ್ ಅಲ್ಲದಿದ್ದರೆ ಟಿ-ಪರೀಕ್ಷೆ ಸಲ್ಲದು' ಎಂಬ ಹಟಮಾರಿ ನಂಬಿಕೆಯ ಮಾತು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಈ ಪರೀಕ್ಷೆಯ ಗಣಿತವನ್ನು ಪ್ರಕಟಿಸಿದಾಗ ನಾರ್ಮಲ್ ವಿತರಣೆಯನ್ನು ಊಹಿಸಿಕೊಂಡಿದ್ದು ನಿಜ. ಆದರೆ ಹೋಲಿಕೆ ನಡೆಯುವುದು ಸರಾಸರಿಗಳ ನಡುವೆ. ಬಿಡಿ ಅಂಕಗಳು ಒಂದು ಕಡೆಗೆ ವಾಲಿದ್ದರೂ, ಗುಂಪು ದೊಡ್ಡದಾದಂತೆ ಅದರ ಸರಾಸರಿಯ ವಿತರಣೆ (ಅಂಥ ಗುಂಪುಗಳನ್ನು ಮತ್ತೆ ಮತ್ತೆ ಆರಿಸಿದರೆ ಅವುಗಳ ಸರಾಸರಿಗಳು ಹರಡುವ ಬಗೆ) ನಾರ್ಮಲ್‌ಗೆ ಸಮೀಪಿಸುತ್ತದೆ. ಎರಡೂ ಗುಂಪುಗಳ ಅಂಕಗಳನ್ನು ಒಟ್ಟಿಗೆ ಸುರಿದು ನಾರ್ಮಲ್ ಹೌದೇ ಎಂದು ನೋಡುವವರಂತೂ ಊಹೆ ಏನೆಂಬುದನ್ನೇ ಮರೆತಿರುತ್ತಾರೆ: ಅದು ಪ್ರತಿಯೊಂದು ಗುಂಪಿನ ಒಳಗಿನ ವಿತರಣೆಗೆ ಸಂಬಂಧಿಸಿದ್ದು.

ಶಾಪಿರೊ–ವಿಲ್ಕ್‌ನ ತೀರ್ಪನ್ನು ನೆಚ್ಚುವುದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಗುಂಪಿನಲ್ಲಿ ಹತ್ತು ಜನರಿದ್ದಾಗ, ಅಂದರೆ ವಾಲಿಕೆ ನಿಜಕ್ಕೂ ತೊಂದರೆ ಕೊಡಬಲ್ಲಾಗ, ಅದನ್ನು ಗುರುತಿಸುವ ಶಕ್ತಿ ಈ ಪರೀಕ್ಷೆಗೆ ಕಡಿಮೆ. ಐನೂರು ಜನರಿದ್ದು ವಾಲಿಕೆಯಿಂದ ಏನೂ ಕೆಡದಿರುವಾಗ ಅತ್ಯಲ್ಪ ವ್ಯತ್ಯಾಸವನ್ನೂ ಅದು ಎತ್ತಿ ತೋರಿಸುತ್ತದೆ. ಕತ್ತಲಲ್ಲಿ ಆರಿ ಹಗಲಲ್ಲಿ ಉರಿಯುವ ದೀಪವನ್ನು ಹಿಡಿದು ದಾರಿ ಹುಡುಕುವುದೇಕೆ?

ಎಲ್ಲಕ್ಕಿಂತ ಮುಖ್ಯವಾಗಿ, 1947ರಲ್ಲಿ ಬಂದ ಮಾನ್–ವಿಟ್ನಿ ಟಿ-ಪರೀಕ್ಷೆಯ ಬದಲಿಯಲ್ಲ. ಅದು ಕೇಳುವ ಪ್ರಶ್ನೆಯೇ ಬೇರೆ. 'ಅದು ಮಧ್ಯಾಂಕಗಳನ್ನು ಹೋಲಿಸುತ್ತದೆ' ಎಂಬ ವಾಕ್ಯವನ್ನು ಎಷ್ಟು ಪ್ರಬಂಧಗಳಲ್ಲಿ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಎರಡೂ ಗುಂಪುಗಳಲ್ಲಿ ನಟ್ಟನಡುವಿನ ಒಬ್ಬರ ಅಂಕ, ಅಂದರೆ ಮಧ್ಯಾಂಕ, 10 ಎಂದುಕೊಳ್ಳಿ. ಮೊದಲ ಗುಂಪಿನ ಕೆಳಗಿನ ಅರ್ಧದಷ್ಟು ಜನರ ಅಂಕ 2, ಮೇಲಿನ ಅರ್ಧದವರದು 11. ಎರಡನೆಯ ಗುಂಪಿನಲ್ಲಿ ಅದೇ ಕ್ರಮವಾಗಿ 9 ಮತ್ತು 20. ಒಂದೊಂದು ಗುಂಪಿನಿಂದ ಒಬ್ಬೊಬ್ಬರನ್ನು ಆರಿಸಿ ಜೋಡಿ ಮಾಡುತ್ತಾ ಹೋದರೆ ನಾಲ್ಕರಲ್ಲಿ ಸುಮಾರು ಮೂರು ಜೋಡಿಗಳಲ್ಲಿ ಎರಡನೆಯ ಗುಂಪಿನವರದೇ ಮೇಲುಗೈ. ಜನ ಸಾಕಷ್ಟಿದ್ದರೆ ಮಾನ್–ವಿಟ್ನಿ ವ್ಯತ್ಯಾಸವಿದೆ ಎನ್ನುತ್ತದೆ, ಮಧ್ಯಾಂಕಗಳು ಮಾತ್ರ ಒಂದಿನಿತೂ ಕದಲಿರುವುದಿಲ್ಲ. ಎರಡೂ ವಿತರಣೆಗಳ ಆಕಾರ ಒಂದೇ ಆಗಿದ್ದು ಸ್ಥಾನವಷ್ಟೇ ಬೇರೆಯಾಗಿದ್ದರೆ ಮಾತ್ರ ಆ ವಾಕ್ಯ ನಿಲ್ಲುತ್ತದೆ. 'ಗುಂಪು ಚಿಕ್ಕದು, ಆದ್ದರಿಂದ ಮಾನ್–ವಿಟ್ನಿ' ಎನ್ನುವವರಿಗೂ ಒಂದು ಲೆಕ್ಕ: ಗುಂಪಿಗೆ ಮೂವರಿದ್ದರೆ ಶ್ರೇಣಿಗಳನ್ನು ಹಂಚುವ ಬಗೆಗಳು 20 ಮಾತ್ರ, ಹೀಗಾಗಿ ಅಂಕಗಳು ಎಷ್ಟೇ ದೂರವಿದ್ದರೂ ಎರಡು ಬದಿಯ (ಯಾವ ಗುಂಪು ಮೇಲಿದ್ದರೂ ಎಣಿಸುವ) ಪಿ-ಮೌಲ್ಯ 20ರಲ್ಲಿ 2, ಅಂದರೆ 0.10ಕ್ಕಿಂತ ಕೆಳಗಿಳಿಯಲಾರದು.

ಹಾಗಾದರೆ ಮಾಡಬೇಕಾದದ್ದು? ವೆಲ್ಚ್ 1947ರಲ್ಲಿ ಕೊಟ್ಟ ಟಿ-ಪರೀಕ್ಷೆಯ ರೂಪವನ್ನೇ ರೂಢಿ ಮಾಡಿಕೊಳ್ಳಿ. ಎರಡೂ ಗುಂಪುಗಳ ಚದುರುವಿಕೆ ಸಮನಾಗಿರಬೇಕೆಂಬ ಷರತ್ತು ಅದಕ್ಕಿಲ್ಲ. ಆರ್ ತಂತ್ರಾಂಶ ತಾನಾಗಿ ಮಾಡುವುದು ಇದನ್ನೇ. ಎಸ್‌ಪಿಎಸ್‌ಎಸ್ ತಂತ್ರಾಂಶದ ಫಲಿತಾಂಶದ ಕೋಷ್ಟಕದಲ್ಲಿ ಇದು ಎರಡನೆಯ ಸಾಲು. ಚದುರುವಿಕೆ ಸಮನೇ ಎಂದು ನೋಡುವ ಲೆವಿನ್ ಪರೀಕ್ಷೆಯನ್ನು ಕೇಳಿ ಸಾಲನ್ನು ಆರಿಸುವ ಅಗತ್ಯವಿಲ್ಲ. ಐದು ಆಯ್ಕೆಗಳ ಒಂದೇ ಒಂದು ಪ್ರಶ್ನೆಯಂತೆ ಅಂಕಕ್ಕೆ ಕ್ರಮವಷ್ಟೇ ಇರುವಾಗ, ಅಥವಾ 'ಈ ಗುಂಪಿನವರು ಆ ಗುಂಪಿನವರಿಗಿಂತ ಮೇಲಿರುವ ಸಂಭವ ಎಷ್ಟು' ಎಂಬುದೇ ನಿಮ್ಮ ಪ್ರಶ್ನೆಯಾಗಿರುವಾಗ ಮಾನ್–ವಿಟ್ನಿ ಸೂಕ್ತ. ಆ ನಿರ್ಧಾರವೂ ದತ್ತಾಂಶ ಕೈಸೇರುವ ಮೊದಲೇ ಆಗಿರಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಇಂತಹ ಪ್ರಬಂಧಗಳಲ್ಲಿ ಮುಂದಿನ ಪುಟದಲ್ಲೇ ಈ ತಪ್ಪು ಕಾದಿರುತ್ತದೆ. ತರಬೇತಿ ಪಡೆದ ಗುಂಪು, ಪಡೆಯದ ಗುಂಪು, ಎರಡಕ್ಕೂ ಮೊದಲು ಮತ್ತು ನಂತರದ ಅಳತೆ. ಮೊದಲ ಗುಂಪಿನ ಆತಂಕ 5 ಅಂಕ ಇಳಿದು ಪಿ-ಮೌಲ್ಯ 0.04, ಎರಡನೆಯದರಲ್ಲಿ 4 ಅಂಕ ಇಳಿದು 0.09 ಬಂದಿತೆನ್ನಿ. 'ತರಬೇತಿ ಫಲ ಕೊಟ್ಟಿತು' ಎಂದು ಇಷ್ಟಕ್ಕೇ ಬರೆದುಬಿಡುತ್ತಾರೆ. ಗುಂಪುಗಳ ನಡುವೆ ಇರುವ ವ್ಯತ್ಯಾಸ ಬರೀ 1 ಅಂಕ, ಅದನ್ನು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ. ಪ್ರತಿಯೊಬ್ಬರ ಬದಲಾವಣೆಯನ್ನು ಲೆಕ್ಕಹಾಕಿ ಎರಡು ಗುಂಪುಗಳ ಬದಲಾವಣೆಗಳನ್ನು ವೆಲ್ಚ್ ಪರೀಕ್ಷೆಯಿಂದ ನೇರವಾಗಿ ಹೋಲಿಸಿ. ಯಾರು ಯಾವ ಗುಂಪಿಗೆಂದು ಚೀಟಿ ಎತ್ತಿ ಹಂಚಿದ್ದರೆ, ಮೊದಲಿನ ಅಂಕವನ್ನು ಸಹಚರಾಂಶವಾಗಿಟ್ಟು, ಅಂದರೆ ಅದರ ಪ್ರಭಾವವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ನಂತರದ ಅಂಕವನ್ನು ಹೋಲಿಸುವ ಆಂಕೋವಾ ಎಂಬ ವಿಶ್ಲೇಷಣೆ ಅದಕ್ಕಿಂತಲೂ ಒಳ್ಳೆಯದು.