ಪ್ರತಿಫಲನಾತ್ಮಕ ಬರವಣಿಗೆ ಅಂದ್ರೆ ಮೆಲುಕು ಹಾಕೋದು

ಬಿ.ಇಡಿ. ಓದುವವರಿಗೆ 'ಪ್ರತಿಫಲನಾತ್ಮಕ ಬರವಣಿಗೆ' ಅನ್ನೋ ಈ ಪದ ಇಂಟರ್ನ್‌ಶಿಪ್ ಹೊತ್ತಿಗೆ ತಲೆಮೇಲೆ ಬೀಳುತ್ತದೆ. 2 ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿರಬೇಕು, ಅಲ್ಲಿ ಕಲಿತದ್ದರ ಬಗ್ಗೆ ರಿಫ್ಲೆಕ್ಟಿವ್ ಜರ್ನಲ್ ಬರೆಯಬೇಕು. ಪ್ರತಿಫಲನ ಅಂದ ಕೂಡಲೇ ನನಗಂತೂ ವಿಜ್ಞಾನ ಪುಸ್ತಕದ ಕನ್ನಡಿ, ಪತನ ಕೋನವೇ ನೆನಪಾಗೋದು. ಆದರೆ ಕನ್ನಡಿ ಎದುರಿಗಿದ್ದದ್ದನ್ನು ತೋರಿಸಿ ಸುಮ್ಮನಾಗುತ್ತದೆ. ಇಲ್ಲಿ ಬೇಕಿರುವುದು ಹಸುವಿನ ಕೆಲಸ: ಬೆಳಿಗ್ಗೆ ಗಬಗಬ ತಿಂದದ್ದನ್ನು ಮಧ್ಯಾಹ್ನ ನೆರಳಲ್ಲಿ ಮಲಗಿ, ಮತ್ತೆ ಬಾಯಿಗೆ ತಂದುಕೊಂಡು, ನಿಧಾನವಾಗಿ ಅಗಿಯೋದು.

ಬಹಳ ಜನರ ಮೊದಲ ಪುಟ ಹೀಗಿರುತ್ತದೆ: 'ಇಂದು 6ನೇ ತರಗತಿಗೆ ಭಿನ್ನರಾಶಿ ಪಾಠ ಮಾಡಿದೆ. ಮಕ್ಕಳು ಚೆನ್ನಾಗಿ ಸ್ಪಂದಿಸಿದರು.' ಇದು ವರದಿ. ಅದೇ ಪಾಠ ಹೀಗೂ ಬರಬಹುದು: '1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿದೆ. ಮುಕ್ಕಾಲು ತರಗತಿ 1/4 ಅಂತ ಕೂಗಿತು. ಹಿಂದಿನ ಬೆಂಚಿನ ಹುಡುಗಿ, ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ವಾ ಮಿಸ್ ಅಂದಳು. ತಪ್ಪು ಅಂದು ಸರಿ ಉತ್ತರ ಬರೆದು ಮುಂದೆ ಹೋದೆ. ಹಿಂದೆ ಮೇಷ್ಟ್ರು ಕೂತಿದ್ದರು, ಪಾಠಯೋಜನೆ ಮುಗಿಸುವ ಗಡಿಬಿಡಿ ನನಗೆ.' ಆ ಕೊನೆಯ ಸಾಲು ಇದೆಯಲ್ಲ, ಮೆಲುಕು ಶುರುವಾಗೋದು ಅಲ್ಲಿಂದ.

ಶುರು ಮಾಡೋಕೆ ಮೂರು ಪ್ರಶ್ನೆ ಸಾಕು: ಏನಾಯ್ತು? ಆದರೇನೀಗ? ಮುಂದೇನು? 1970ರಲ್ಲಿ ಟೆರಿ ಬೋರ್ಟನ್ ಎಂಬ ಅಮೆರಿಕದ ಶಿಕ್ಷಕರು ಕೊಟ್ಟ ದಾರಿ ಇದು. (ನಡುವಿನದು ಜಗಳಕ್ಕೆ ನಿಂತವರ ಮಾತಿನ ಹಾಗೆ ಕೇಳಿಸುತ್ತದೆ, ಇರಲಿ, ಅದು ಕೇಳೋದು ಆದದ್ದರಿಂದ ನನಗೇನು ತಿಳೀತು ಅಂತ, ಕಷ್ಟದ ಪ್ರಶ್ನೆಯೂ ಅದೇ.) ಗ್ರಹಾಂ ಗಿಬ್ಸ್ ಎಂಬ ಶಿಕ್ಷಣತಜ್ಞರು ಇದೇ ಕೆಲಸಕ್ಕೆ 1988ರಲ್ಲಿ ಕೊಟ್ಟ ಆರು ಹಂತದ ಚಕ್ರವೂ ಇದೆ, ಚೆನ್ನಾಗಿಯೂ ಇದೆ, ಆದರೆ ಹೊಸಬರ ಕೈಗೆ ಮೊದಲ ದಿನವೇ ಅದನ್ನು ಕೊಟ್ಟರೆ ರೇಷನ್ ಕಾರ್ಡ್ ಅರ್ಜಿ ತುಂಬಿದ ಹಾಗೆ ತುಂಬಿ ಕೊಟ್ಟುಬಿಡುತ್ತಾರೆ.

ಬರೆಸುವವರಿಗೂ ಒಂದು ಮಾತು. 'ನಿಮ್ಮ ಅನುಭವ ಬರೆಯಿರಿ' ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. 'ಇವತ್ತು ಎಲ್ಲಿ ತಡವರಿಸಿದಿರಿ?' ಅಂತ ಕೇಳಿ, ಐದೇ ಸಾಲು ಬರೆಸಿ. ತಪ್ಪು ಒಪ್ಪಿಕೊಂಡರೆ ಅಂಕ ಹೋಗುತ್ತದೆ ಅನ್ನೋ ಭಯ ಎಲ್ಲರಿಗೂ ಜಾಸ್ತಿ, ಹೋಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮಕ್ಕಳು ಪ್ರತಿದಿನವೂ ಚೆನ್ನಾಗಿಯೇ ಸ್ಪಂದಿಸುತ್ತಿರುತ್ತಾರೆ! ಕಾಗುಣಿತಕ್ಕೆ ಕೆಂಪು ಗೆರೆ ಎಳೆಯುವ ಬದಲು ಪುಟದ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ: 'ಆ ಹುಡುಗಿಯನ್ನು ಮತ್ತೆ ಮಾತಾಡಿಸಿದಿರಾ?'